ಸಾಲಿನಲ್ಲಿ ಮೊದಲನೇ ಚೀಲ

ಆವಲಮ್ಮನ ಗಂಡ ಮುನಿಯಲ್ಲಪ್ಪ ಸತ್ತದ್ದು ಬುಧವಾರ ಬೆಳಗ್ಗೆ. ಅವನ ಚೀಲ ಮಾತ್ರ ಮಂಗಳವಾರ ಸಾಯಂಕಾಲದಿಂದಲೇ ರೇಷನ್ ಅಂಗಡಿ ಮುಂದೆ ಸಾಲಿನಲ್ಲಿತ್ತು. ಮೊದಲನೇ ಜಾಗ.

ಯಲ್ದೂರಿನ ಪಕ್ಕದ ಆ ಹಳ್ಳಿಯಲ್ಲಿ ರೇಷನ್‌ಗೆ ಮನುಷ್ಯರು ನಿಲ್ಲುವುದಿಲ್ಲ, ಚೀಲಗಳು ನಿಲ್ಲುತ್ತವೆ. ಅಕ್ಕಿ ಬರುವ ಹಿಂದಿನ ಸಾಯಂಕಾಲ ಖಾಲಿ ಚೀಲ ತಂದು ಮಡಿಸಿ ಇಟ್ಟು, ಹಾರಿಹೋಗದ ಹಾಗೆ ಮೇಲೊಂದು ಕಲ್ಲು ಹೇರಿ ಮನೆಗೆ ಹೋಗುತ್ತಾರೆ. ಚೀಲ ಎಲ್ಲಿದೆಯೋ ಅಲ್ಲಿ ಸರದಿ. ಚೀಲ ಎತ್ತಿದರೆ ಜಾಗ ಹೋಯಿತು. ಇದನ್ನು ಯಾರೂ ಬರೆದಿಟ್ಟಿಲ್ಲ. ಯಾರೂ ಮೀರಿಯೂ ಇಲ್ಲ. ಜಮೀನಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಕೂಡ ಚೀಲದ ವಿಷಯದಲ್ಲಿ ನೇರ.

ಮುನಿಯಲ್ಲಪ್ಪ ಮಾವಿನ ತೋಪು ಕಾಯುತ್ತಿದ್ದ. ಇನ್ನೆಲ್ಲೂ ಅವನಿಗೆ ಮೊದಲನೇ ಜಾಗ ಸಿಕ್ಕಿದ್ದಿಲ್ಲ. ಮದುವೆ ಊಟದಲ್ಲಿ ಕಡೇ ಪಂಕ್ತಿ, ಬಸ್ಸಿನಲ್ಲಿ ಫುಟ್‌ಬೋರ್ಡು. ರೇಷನ್ ಸಾಲಿನಲ್ಲಿ ಮಾತ್ರ ಇಪ್ಪತ್ತು ವರ್ಷ ಮೊದಲನೇ ಜಾಗ ಬಿಟ್ಟುಕೊಟ್ಟವನಲ್ಲ. ಆ ಮಂಗಳವಾರ ಕೈಗೆ ಕಲ್ಲು ಸಿಗಲಿಲ್ಲ ಎಂದು ಮನೆಯ ಒರಳುಗುಂಡನ್ನೇ ಎತ್ತಿಕೊಂಡ.

"ಏಯ್, ಗುಂಡು ಎತ್ಕೊಂಡು ಹೋಗ್ತೀಯಲ್ಲ, ಚಟ್ನಿ ಎಲ್ಲಿ ಅರೀಲಿ? ನಿನ್ನ ತಲೆ ಮೇಲಾ?"

"ಒಂದಿನ ಚಟ್ನಿ ಇಲ್ದಿದ್ರೆ ಸತ್ತೋಗಲ್ಲ ಕಣೇ. ನಾಳೆ ಅಕ್ಕಿ ಜೊತೆ ಗುಂಡೂ ಬರ್ತದೆ."

"ಗುಂಡು ಬಂದ್ರೆ ಸಾಕು. ನೀನು ಬರ್ದಿದ್ರೂ ಪರವಾಗಿಲ್ಲ."

ಅವರಿಬ್ಬರ ಕೊನೆಯ ಮಾತು ಅದೇ. ಉಂಡು ಮಲಗಿದವನು ಬೆಳಗ್ಗೆ ಏಳಲಿಲ್ಲ.

ಹೆಣ ಹೊತ್ತವರು ಊರ ಮುಂದಲ ಬೇವಿನ ಮರದ ಹತ್ತಿರ ನಿಂತು, "ಹೆಂಗಸರು ಇಲ್ಲಿಗೆ ಸಾಕು" ಅಂದರು. ಆವಲಮ್ಮ ವಾಪಸ್ ಬಂದಳು. ಬರುವಾಗ ರೇಷನ್ ಅಂಗಡಿ ಮುಂದೆ ಚೀಲ ಕಂಡಿತು. ಅದರ ಮೇಲೆ ಗುಂಡು.

ಅಕ್ಕಿ ಅವತ್ತು ಬರಲಿಲ್ಲ. ಆ ತಿಂಗಳೂ ಬರಲಿಲ್ಲ. ಯಾಕೆ ಎಂದು ಅಂಗಡಿಯ ಕದಿರೇಶ್ ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಿದ್ದ.

"ದಿಲ್ಲಿಯೋರು, ಬೆಂಗಳೂರೋರು ದುಡ್ಡು ಕಟ್ಲಿ ಅಂತಾರೆ. ಬೆಂಗಳೂರೋರು, ದಿಲ್ಲಿಯೋರೇ ನಮಗೆ ಕೊಡ್ಬೇಕು ಅಂತಾರೆ. ಲಾರಿಯೋರು, ಇಬ್ರಲ್ಲಿ ಯಾರಾದ್ರೂ ಬಾಡಿಗೆ ಕೊಡ್ರಪ್ಪ ಅಂತ ಲಾರಿ ನಿಲ್ಸವ್ರೆ."

"ಅಕ್ಕಿ ಎಲ್ಲೈತೆ ಈಗ?" ಆವಲಮ್ಮ ಕೇಳಿದಳು.

"ಕೋಲಾರದಾಗೆ, ಗೋಡೌನಲ್ಲಿ."

"ಹೆಂಗಸರಿಗೆ ಬಸ್ಸು ಪುಕ್ಕಟೆ ಅಲ್ವಾ? ನಾನೇ ಹೋಗಿ ತರ್ತೀನಿ ಬಿಡು."

"ಅಕ್ಕಿ ಬಸ್ಸಲ್ಲಿ ಬರಂಗಿಲ್ಲ ಅವ್ವಾ. ಬಜೆಟ್ಟಲ್ಲಿ ಬರ್ಬೇಕು."

ಚೀಲ ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ. ಇವತ್ತು ಎತ್ತಿ, ನಾಳೆ ಲಾರಿ ಬಂದರೆ? ಅಂಗಳದಲ್ಲಿ ಹುಣಸೆಹಣ್ಣು ಸುರಿದುಕೊಂಡು ಚೀಲವಿಲ್ಲದೆ ಕೂತರು, ಸಾಲಿನ ಚೀಲ ಮುಟ್ಟಲಿಲ್ಲ. ಹಿಂದೆ ಹಿಂದೆ ಹೊಸ ಚೀಲಗಳು ಸೇರಿ ಸಾಲು ಬಸ್ ಸ್ಟ್ಯಾಂಡ್ ಮುಟ್ಟಿತು. ಮುಳಬಾಗಿಲ ಕಡೆಯಿಂದ ಹೆಣ್ಣು ಕೊಡಲು ಬಂದವರು ಹುಡುಗನಿಗೆ ಎಷ್ಟು ಎಕರೆ ಎಂದು ಕೇಳಲಿಲ್ಲ, ಎಷ್ಟನೇ ಚೀಲ ಎಂದು ಕೇಳಿದರು. ಆರನೇದು ಅಂದಾಗ ಒಪ್ಪಿದರು.

ಎರಡನೇ ತಿಂಗಳಲ್ಲಿ ಜೀಪಿನಲ್ಲಿ ವೇಣುಗೋಪಾಲ್ ಎಂಬ ಆಫೀಸರು ಬಂದು ಚೀಲ ಎಣಿಸಿದರು. ಫೋಟೋ ಹಿಡಿದರು. 'ಅರವತ್ತಮೂರು ಫಲಾನುಭವಿಗಳು ಶಾಂತರೀತಿಯಿಂದ ಕಾಯುತ್ತಿದ್ದಾರೆ' ಎಂದು ಬರೆದು ಗಟ್ಟಿಯಾಗಿ ಓದಿದರು.

"ಸಾಮಿ, ಮೊದಲನೆಯೋರು ಸತ್ತೋಗವ್ರೆ," ಎಂದಳು ಆವಲಮ್ಮ.

ಆಫೀಸರು ಬಗ್ಗಿ ನೋಡಿದರು. "ಚೀಲ ಐತಲ್ಲಮ್ಮ? ಹಾಗಾದ್ರೆ ಹಾಜರು."

ಆವಲಮ್ಮನಿಗೆ ಆ ಮಾತು ಹಿಡಿಸಿತು. ಬೇರೆ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಅವತ್ತಿನಿಂದ ದಿನಾ ಸಾಯಂಕಾಲ ಹೋಗಿ ಚೀಲದ ಪಕ್ಕ ಕೂರುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಒಂದೇ. ಅವನು ಹಿಡಿದ ಜಾಗ ಹೋಗಬಾರದು. ಅವನ ಅಕ್ಕಿ ಅವನ ಚೀಲಕ್ಕೇ ಬೀಳಬೇಕು.

ಎರಡನೇ ಚೀಲದ ಶಾಮಲಮ್ಮ ಪಕ್ಕದ ಮನೆಯವಳು. ಬಾಯಿ ಜೋರು. "ಅಕ್ಕಾ, ಆ ಗುಂಡು ಮನೆಗೆ ತಗೊಂಡೋಗಿ ಬೇರೆ ಕಲ್ಲಿಡು. ಎಷ್ಟು ದಿನ ಚಟ್ನಿ ಇಲ್ದೆ ಮುದ್ದೆ ನುಂಗ್ತೀಯ?"

"ಇಟ್ಟೋರು ತೆಗೀಲಿ."

"ಇಟ್ಟೋರು ಎಲ್ಲವ್ರೆ?"

"ಅದಕ್ಕೇ ಹೇಳ್ದೆ."

ಮೂರನೇ ತಿಂಗಳು ಅಂಗಡಿಯ ಕಟ್ಟಡದವನು ಬಾಡಿಗೆ ಬಂದಿಲ್ಲ ಎಂದು ಬೀಗ ಜಡಿದ. ಊರಾಚೆಯ ಹಳೇ ಹಾಲಿನ ಡೇರಿ ಕೋಣೆಗೆ ಅಂಗಡಿ ಹೋಗಬೇಕಾಯಿತು. ತಕ್ಕಡಿ, ಹೆಬ್ಬೆಟ್ಟಿನ ಮಿಷನ್ನು ಒಂದೇ ಸೈಕಲ್ಲಿನಲ್ಲಿ ಹೋದವು. ಸಾಲು ಹೇಗೆ ಹೋಗುವುದು?

ಅರವತ್ತಮೂರನೇ ಚೀಲದ ಕಾಂತರಾಜ್, "ಹೊಸ ಜಾಗಕ್ಕೆ ಹೊಸ ಸಾಲು" ಎಂದ.

ಆವಲಮ್ಮ ತನ್ನ ಚೀಲದ ಪಕ್ಕ ಎದ್ದು ನಿಂತಳು. "ಲೇ ಕಾಂತರಾಜ, ನಮ್ಮಾಯಪ್ಪ ಸತ್ತು ಮೂರು ತಿಂಗಳಾದ್ರೂ ಜಾಗ ಬಿಟ್ಟಿಲ್ಲ. ಬದುಕಿರೋ ನಿನಗೇನೋ ಅವಸರ?"

ಎಲ್ಲರೂ ನಕ್ಕರು. ಇದ್ದ ಹಾಗೇ ಹೊರುವುದು ಎಂದಾಯಿತು. ಅವರವರ ಚೀಲ, ಅವರವರ ಕಲ್ಲು, ಯಾರೂ ಯಾರನ್ನೂ ದಾಟಕೂಡದು. ಅರವತ್ತಮೂರು ಜನ ಒಬ್ಬರ ಹಿಂದೆ ಒಬ್ಬರು ಕಲ್ಲು ಹೊತ್ತು ಹೊರಟರು. ಶ್ರೀನಿವಾಸಪುರದ ಬಸ್ಸು ಮೆರವಣಿಗೆ ಎಂದುಕೊಂಡು ಪಕ್ಕಕ್ಕೆ ನಿಂತಿತು. ಎಲ್ಲರಿಗಿಂತ ಮುಂದೆ ಆವಲಮ್ಮ, ಹೆಗಲ ಮೇಲೆ ಚೀಲ, ಸೊಂಟದ ಮೇಲೆ ಗುಂಡು.

ಬೇವಿನ ಮರದ ಹತ್ತಿರ ಅವಳ ಕಾಲು ತಾನಾಗಿ ನಿಂತಿತು. ಹಿಂದೆ ಇಡೀ ಸಾಲು ನಿಂತಿತು. ಯಾರೂ ದಾಟುವ ಹಾಗಿರಲಿಲ್ಲ.

ಶಾಮಲಮ್ಮ ಹಿಂದಿನಿಂದ ಮೆಲ್ಲಗೆ, "ನಡಿಯಕ್ಕಾ. ಇವತ್ತು ಯಾರೂ ನಿಲ್ಸಲ್ಲ," ಎಂದಳು.

ಆವಲಮ್ಮ ಮರ ದಾಟಿದಳು.

ಎಂಟು ದಿನಕ್ಕೆ ಲಾರಿ ಬಂತು. ಯಾರು ಸೋತರು, ಯಾರು ಗೆದ್ದರು, ಯಾರಿಗೂ ಗೊತ್ತಾಗಲಿಲ್ಲ. ಕದಿರೇಶ್ ಸಾಲಿನ ತುದಿಗೆ ಬಂದು ಮಿಷನ್ನು ಹಿಡಿದ. ಆವಲಮ್ಮ ಹೆಬ್ಬೆಟ್ಟು ಒತ್ತಿದಳು.

"ಹತ್ತು ಕೇಜಿ ತೋರಿಸ್ತೈತೆ ಅವ್ವಾ. ಯಜಮಾನ್ರ ಹೆಸರು ಇನ್ನೂ ತೆಗ್ದಿಲ್ಲ."

"ಸುರಿ. ಇಷ್ಟು ದಿನ ನಿಂತಿದ್ದು ಅವರು, ನಾನಲ್ಲ. ಮುಂದಿನ ತಿಂಗಳು ಹೆಸರು ತೆಗೆಸ್ತೀನಿ."

ಗುಂಡು ಪಕ್ಕಕ್ಕಿಟ್ಟು ಚೀಲ ಬಿಡಿಸಿ ಬಾಯಿ ಹಿಡಿದಳು. ಕದಿರೇಶ್ ಅಕ್ಕಿ ಸುರಿದ. ಅಕ್ಕಿ ಮೇಲಿಂದ ಹೋದದ್ದು ಕೆಳಗಿಂದ ನೆಲಕ್ಕೆ ಬಿತ್ತು. ಮೂರು ತಿಂಗಳ ಬಿಸಿಲಿಗೆ ಯೂರಿಯಾ ಚೀಲ ಹಪ್ಪಳವಾಗಿತ್ತು. ಹಿಡಿದ ಕಡೆ ಪುಡಿ. ಶಾಮಲಮ್ಮ ತನ್ನ ಚೀಲ ಎಳೆದಳು, ಅದೂ ಪುಡಿ. ಸಾಲಿನ ಉದ್ದಕ್ಕೂ ಒಂದೊಂದೇ ಚೀಲ ಕೈಯಲ್ಲಿ ಉದುರತೊಡಗಿತು. ಮನೆಗೆ ಓಡಿ ಪಾತ್ರೆ ತರೋಣ ಎಂದರೆ ಜಾಗ ಹೋಗುತ್ತದೆ. ಯಾರೂ ಕದಲಲಿಲ್ಲ.

ಆವಲಮ್ಮ ನೆಲಕ್ಕೆ ಬಿದ್ದದ್ದನ್ನು ಬಾಚಿದಳು. ಸೆರಗು ಬಿಡಿಸಿ ಮಡಿಲು ಒಡ್ಡಿದಳು.

ಶಾಮಲಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮಡಿಲಿಗೆ ಅಕ್ಕಿ ಹಾಕುವುದು ಮುತ್ತೈದೆಗೆ. ತವರಿಂದ ಹೊರಟಾಗ ಹಾಕುತ್ತಾರೆ, ಬಸುರಿಗೆ ಹಾಕುತ್ತಾರೆ. "ಅಯ್ಯೋ ಅಕ್ಕಾ... ಮಡಿಲಿಗಾ?"

"ಮತ್ತೆ ತಲೆ ಮೇಲೆ ಸುರ್ಕೊಳ್ಲಾ? ಸುರಿಯೋ ಕದಿರೇಶ. ನಮ್ಮಾಯಪ್ಪನ ಅಕ್ಕಿ."

ಕದಿರೇಶ್ ಸುರಿದ. ಹಿಂದಿನವರೂ ಕೈಗೆ ಸಿಕ್ಕಿದ್ದು ಒಡ್ಡತೊಡಗಿದರು, ಹೆಂಗಸರು ಸೆರಗು, ಗಂಡಸರು ಪಂಚೆ. ಕಾಂತರಾಜ್ ಪ್ಯಾಂಟು ಹಾಕಿದ್ದ. ಅವನು ಶರಟು ಬಿಚ್ಚಿ ಕಾದ.

ಆವಲಮ್ಮ ಎರಡು ಕೈಯಲ್ಲಿ ಮಡಿಲು ಹಿಡಿದು, ತುಂಬು ಬಸುರಿಯ ಹಾಗೆ ಹಿಂದಕ್ಕೆ ವಾಲಿ ಹೊರಟಳು.

"ಅಕ್ಕಾ, ಗುಂಡು! ಗುಂಡು ಮರ್ತೆ!" ಶಾಮಲಮ್ಮ ಕೂಗಿದಳು.

"ಮರ್ತಿಲ್ಲ ಕಣೇ, ಅಲ್ಲೇ ಇರ್ಲಿ," ಎಂದಳು ಆವಲಮ್ಮ, ತಿರುಗದೆ. "ಮುಂದಿನ ತಿಂಗಳಿಗೆ ಜಾಗ ಯಾರು ಹಿಡೀತಾರೆ ಮತ್ತೆ?"