ಮುಖಕ್ಕೆ ದರವಿಲ್ಲ

ಹನ್ನೊಂದು ದಿನದ ಕೂಲಿ ಬಾಕಿ ಇದೆ. ಕೊಡಬೇಕಾದವನು ಸತ್ತಿಲ್ಲ, ದಿವಾಳಿ ಎದ್ದಿಲ್ಲ, ಊರು ಬಿಟ್ಟು ಓಡಿಯೂ ಹೋಗಿಲ್ಲ. ದಿನಾ ಒಂಬತ್ತಕ್ಕೆ ಸರಿಯಾಗಿ ಗೊಂಬೆ ಕಾರ್ಖಾನೆಯ ಬಾಗಿಲು ತೆಗೆದು, ತನ್ನ ಮೇಜನ್ನು ತಾನೇ ಒರೆಸಿಕೊಂಡು ಕೂರುತ್ತಾನೆ. ಕೇಳಿದರೆ ಇಲ್ಲ ಅನ್ನುವುದಿಲ್ಲ, ಕೊಡುತ್ತೇನೆ ಅನ್ನುವುದೂ ಇಲ್ಲ. ಗೋಡೆಯ ಕಡೆ ಕೈ ತೋರಿಸುತ್ತಾನೆ.

ಗೋಡೆಯ ಮೇಲೆ ದರಪಟ್ಟಿ ಇದೆ. ಕಾಲು ಉಜ್ಜಿದರೆ ಹನ್ನೆರಡು, ಕೈಗೆ ಎಂಟು, ಮುಂಡಕ್ಕೆ ಇಪ್ಪತ್ತು, ತಲೆಗೆ ಹತ್ತು. ಬೆರಳು ಮುರಿದರೆ ಆರು ಕಟ್. ಮುಖ ಮಾಡುವುದಕ್ಕೆ ಎಷ್ಟು ಅಂತ ಅದರಲ್ಲಿ ಬರೆದಿಲ್ಲ. ಧೂಳಕ್ಕನ ಹನ್ನೊಂದು ದಿನ ಸಿಕ್ಕಿಹಾಕಿಕೊಂಡಿರುವುದು ಅಲ್ಲೇ.

ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ನಿಂತಿರುತ್ತವಲ್ಲ, ಆಳೆತ್ತರದ ಗೊಂಬೆಗಳು, ಅವನ್ನು ಮಾಡುವ ಕಾರ್ಖಾನೆ ಅದು. ಅಚ್ಚಿನಿಂದ ಬಿಡಿಸಿದ ಫೈಬರ್ ಕೈಕಾಲು ಒರಟಾಗಿರುತ್ತದೆ. ಏಳು ಹೆಂಗಸರು ಸಾಲಾಗಿ ಕೂತು ಎಮರಿ ಕಾಗದ ಹಿಡಿದು ಅವನ್ನು ನುಣ್ಣಗೆ ಉಜ್ಜಬೇಕು. ಸಂಜೆ ಹೊತ್ತಿಗೆ ಏಳೂ ಜನ ಹಿಟ್ಟಿನ ಡಬ್ಬಿಯಲ್ಲಿ ಬಿದ್ದೆದ್ದ ಇಲಿಗಳ ಹಾಗೆ ಕಾಣುತ್ತಾರೆ. ಅವರಲ್ಲೊಬ್ಬಳು ಇವಳು, ಹದಿನಾಲ್ಕು ವರ್ಷದಿಂದ ಉಜ್ಜುತ್ತಿದ್ದಾಳೆ. ಕೆಮ್ಮಿದರೆ ಎದೆಯೊಳಗೂ ಯಾರೋ ಕಾಗದ ಹಾಕಿ ಉಜ್ಜಿದ ಸದ್ದು ಬರುತ್ತದೆ. ಧೂಳಕ್ಕ ಅಂತ ಹೆಸರು ಬಿದ್ದದ್ದು ಹೀಗೆ; ಅಸಲಿ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಆದರೆ ಅವಳ ಕೈಗೆ ಇನ್ನೊಂದು ಚಟವಿತ್ತು. ಊಟದ ಬಿಡುವಿನಲ್ಲಿ ಅಚ್ಚಿನವರ ಹತ್ತಿರ ಒಂದು ಹಿಡಿ ಜೇಡಿಮಣ್ಣು ಬೇಡಿ ತಂದು, ಎರಡು ತುತ್ತಿನ ನಡುವೆ ಒಂದು ಮುಖ ತಿದ್ದುತ್ತಿದ್ದಳು. ಪಕ್ಕದವಳ ದವಡೆ, ಎದುರಿನವಳ ಕುಳಿಬಿದ್ದ ಕೆನ್ನೆ. ಗಂಟೆ ಹೊಡೆದ ಕೂಡಲೇ ಮುದ್ದೆ ಮಾಡಿ ವಾಪಸು ಕೊಡುತ್ತಿದ್ದಳು. ತನ್ನ ಸಾಲಿನ ಏಳೂ ಹೆಂಗಸರನ್ನು ಆಳೆತ್ತರಕ್ಕೆ ಮಾಡಿ ನಿಲ್ಲಿಸಬೇಕು, ಜನ ಬಟ್ಟೆ ನೋಡುವುದಕ್ಕಲ್ಲ, ಮುಖ ನೋಡುವುದಕ್ಕೆ ಬರಬೇಕು ಅನ್ನುವುದು ಅವಳ ಆಸೆ. ಅದನ್ನು ಒಮ್ಮೆ ಗಂಡನಿಗೆ ಹೇಳಿದ್ದಳು. ಅವನು ಮೂಟೆ ಹೊರುವವನು. ಸೊಂಟ ಹೋಗಿ ಮೂರು ದಿನ ಕೆಲಸ, ನಾಲ್ಕು ದಿನ ಚಾಪೆ. ಮಲಗಿದಲ್ಲಿಂದಲೇ, ನಿಲ್ಲಿಸುವುದಕ್ಕೆ ಮೊದಲು ಒಂದು ಮನೆ ಬೇಕಲ್ಲ, ಇಲ್ಲಿ ಅಮ್ಮನೂ ಸೇರಿ ನಾವೇ ಮೂವರು ಅಡ್ಡಡ್ಡ ಮಲಗುತ್ತೇವೆ ಅಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ದೊಡ್ಡ ಅಂಗಡಿಯೊಂದು ಹೊಸ ಮುಖದ ನಲವತ್ತು ಗೊಂಬೆ ಕೇಳಿತು. ಹಳೇ ಅಚ್ಚಿನ ಮುಖ ಎಲ್ಲ ಅಂಗಡಿಯಲ್ಲೂ ಇದೆ, ಸತ್ತ ಮೀನಿನ ಹಾಗಿದೆ, ನಮ್ಮ ನಿಮ್ಮ ಹಾಗಿರುವ ಹೆಂಗಸಿನ ಮುಖ ಬೇಕು ಅಂದರಂತೆ. ಕಾರ್ಖಾನೆಯ ಯಜಮಾನ ಹೊರಗಿನ ಕಲಾವಿದನ ದರ ವಿಚಾರಿಸಿದ, ಹೌಹಾರಿದ, ಧೂಳಕ್ಕನನ್ನು ಕರೆದ.

ಹನ್ನೊಂದು ದಿನ ಅವಳು ಮೂಲೆಯಲ್ಲಿ ಮಣ್ಣಿನ ಮುಂದೆ ಕೂತಳು. ಮಾಡಿದ್ದು ಅತ್ತೆಯ ಮುಖ, ವಯಸ್ಸಿನಲ್ಲಿ ಮೂವತ್ತು ವರ್ಷ ಕಳೆದು. ಹದಿನಾರು ವರ್ಷ ಎದುರು ನಿಂತು ಬೈಸಿಕೊಂಡ ಮುಖ, ನೋಡಿಕೊಂಡು ಮಾಡಬೇಕಾದ್ದೇನಿತ್ತು? ಆ ಹನ್ನೊಂದು ದಿನ ಕೆಮ್ಮು ಬರಲಿಲ್ಲ. ಊಟದ ಡಬ್ಬಿ ಎರಡು ಸಲ ಹಾಗೇ ಮನೆಗೆ ಹೋಯಿತು. ಗಂಟೆ ಹೊಡೆದರೆ ಮೈ ಉರಿಯುತ್ತಿತ್ತು. ಮಣ್ಣಿನಿಂದ ಅಚ್ಚು ತೆಗೆದರು, ಅಚ್ಚಿನಿಂದ ನಲವತ್ತು ತಲೆ ಬಂತು, ನಲವತ್ತೂ ಮಾರಿಹೋಯಿತು.

ಸಂಬಳದ ದಿನ ಅವಳ ಲೆಕ್ಕದಲ್ಲಿ ಹನ್ನೊಂದು ದಿನ ಸೊನ್ನೆ. ಒಂದು ಕೈ ಉಜ್ಜಿಲ್ಲ, ಒಂದು ಕಾಲು ಉಜ್ಜಿಲ್ಲ, ಯಾವ ಬಾಬ್ತಿಗೆ ಕೊಡಲಿ ಅಂತ ಯಜಮಾನ ಪಟ್ಟಿ ತೋರಿಸಿದ. ಅವಳು ಕದಲಲಿಲ್ಲ. ಆಗ ಅವನು ಆಡಿದ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ.

"ಹನ್ನೊಂದು ದಿನ ನೀನು ನಗ್ತಾ ನಗ್ತಾ ಕೂತಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಖುಷಿಗೆ ಮಾಡಿದ್ದಕ್ಕೂ ಯಾರಾದ್ರೂ ಕೂಲಿ ಕೇಳ್ತಾರೇನಮ್ಮಾ?"

ಧೂಳಕ್ಕನಿಗೆ ಖುಷಿಯಾಗಿದ್ದದ್ದು ನಿಜ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈಹಾಕಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿ ಬಂದು ಒಂದು ಕಾಲು ಎತ್ತಿಕೊಂಡು ಉಜ್ಜತೊಡಗಿದಳು. ಉತ್ತರ ಹೊಳೆದದ್ದು ಬಸ್ಸಿನಲ್ಲಿ, ಇಳಿಯುವ ಜಾಗ ದಾಟಿದ ಮೇಲೆ: ನೀವು ದುಡ್ಡು ಎಣಿಸುವಾಗ ನಗುವುದಿಲ್ಲವೇ, ಅದಕ್ಕೆ ಲಾಭ ಬಿಡುತ್ತೀರಾ?

ಅತ್ತೆ ಮಾತ್ರ ಸುಮ್ಮನಿರಲಿಲ್ಲ. ತನ್ನ ಮುಖ ಗಾಜಿನ ಹಿಂದೆ ಇದೆ ಅಂತ ಗೊತ್ತಾದದ್ದೇ ತಡ, ತಲೆ ಬಾಚಿಕೊಂಡು ಎರಡು ಬಸ್ಸು ಬದಲಿಸಿ ಹೋಗಿ ನೋಡಿ ಬಂದಳು. ನನಗೆ ಉಣ್ಣೆ ಕೋಟು ಹಾಕಿದ್ದಾರೆ, ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಒಳಗೆ ಹೋಗಿ ಮುಟ್ಟುತ್ತೇನೆ ಅಂದರೆ ಕಾವಲಿನವನು ಬಿಡಲಿಲ್ಲ, ನಾನೇ ಕಣಯ್ಯಾ ಅದು ಅಂದೆ, ಮನೆಗೆ ಹೋಗಜ್ಜಿ ಅಂದ, ಅಂತ ವಾರವಿಡೀ ಬೀದಿಗೆಲ್ಲ ಹೇಳಿಕೊಂಡು ನಕ್ಕಳು.

ಎರಡು ತಿಂಗಳಲ್ಲಿ ನಲವತ್ತು ತಲೆಯೂ ವಾಪಸು ಬಂತು. ಅಂಗಡಿಯವರ ದೂರು ಇಷ್ಟೇ: ಗಿರಾಕಿಗಳು ಬೆಲೆಚೀಟಿ ನೋಡಿ ತಲೆ ಎತ್ತಿದರೆ ಗೊಂಬೆ, ಇಷ್ಟು ದುಡ್ಡು ಯಾಕೆ ಸುರೀತೀಯೆ ಅನ್ನುವ ಹಾಗೆ ನೋಡುತ್ತದೆ, ಅವರು ಬಟ್ಟೆ ಇಟ್ಟು ಹೋಗುತ್ತಾರೆ. ಮುಖ ಬೇಡ, ಬೋಳು ಮೊಟ್ಟೆ ಹಾಗಿರಲಿ.

ಅಂದರೆ ಮುಖ ಅಳಿಸಬೇಕು. ಅದು ಸುಲಭವಲ್ಲ. ಕಣ್ಣಿನ ಗುಳಿಗೆ ಪುಟ್ಟಿ ತುಂಬಬೇಕು, ಮೂಗು ತುಟಿ ಇಳಿಸಬೇಕು. ಫೈಬರ್ ಚಿಪ್ಪು ತೆಳು. ಒಂದು ಕೂದಲೆಳೆ ಹೆಚ್ಚು ಉಜ್ಜಿದರೆ ತೂತು ಬಿದ್ದು ತಲೆಯೇ ಕಸ. ಎಲ್ಲಿ ಎಷ್ಟು ದಪ್ಪ ಅಂತ ಮಾಡಿದವಳಿಗೇ ಗೊತ್ತು. ಯಜಮಾನ ಧೂಳಕ್ಕನ ಮುಂದೆ ನಲವತ್ತು ತಲೆ ಸುರಿಸಿ, ತಲೆಗೆ ಹತ್ತು ಇದೆ, ಇದಕ್ಕೆ ಹದಿನೈದು ಕೊಡುತ್ತೇನೆ ಅಂದ. ಮಾಡಿದ್ದಕ್ಕೆ ದರವಿಲ್ಲ, ಅಳಿಸುವುದಕ್ಕೆ ಒಂದೂವರೆ ಪಟ್ಟು.

ಅವಳು ಕಾಗದ ಮುಟ್ಟಲಿಲ್ಲ. ಪಕ್ಕದಲ್ಲಿ ಉಜ್ಜುವವಳು, ಒಂದೇ ಡಬ್ಬಿಯಲ್ಲಿ ಉಣ್ಣುವ ಗೆಳತಿ, ಹತ್ತಿರ ಸರಿದು ಮೆಲ್ಲಗೆ ಹೇಳಿದಳು.

"ನೀನು ಬಿಟ್ರೆ ನಾನು ಉಜ್ತೀನಿ ಕಣೇ. ತೂತು ಬಿದ್ರೂ ಬೀಳ್ಲಿ. ಬೇಜಾರು ಮಾಡ್ಕೋಬೇಡ, ನಂಗೂ ಬಾಡಿಗೆ ಕಟ್ಟೋದಿದೆ."

ಆ ಸಂಜೆ ಮನೆಯಲ್ಲಿ ಗಂಡ, ಆ ಕೆಲಸ ಮಾತ್ರ ಮಾಡಬೇಡ, ಮಾನ ದೊಡ್ಡದು ಅಂದ. ಚಾಪೆಯ ಮೇಲಿಂದ ಮಾನದ ಮಾತು ಸಲೀಸು. ಅತ್ತೆ ಮಗನ ಕಡೆ ತಿರುಗಿಯೂ ನೋಡಲಿಲ್ಲ.

"ಉಜ್ಜಿ ಹಾಕೇ. ನನ್ ಮುಖ ನನ್ ಹತ್ರಾನೇ ಇದೆ, ಎಲ್ಲೂ ಓಡಿ ಹೋಗಿಲ್ಲ. ಬಾಡಿಗೆ ಕೇಳೋನು ಮುಖ ನೋಡಿ ಬಿಡ್ತಾನಾ?"

ನಾಲ್ಕು ದಿನದಲ್ಲಿ ನಲವತ್ತೂ ಉಜ್ಜಿದಳು. ಮೊದಲು ಮೂಗಿನ ತುದಿ ಹೋಗುತ್ತದೆ, ಆಮೇಲೆ ತುಟಿ. ಹುಬ್ಬು ಕೊನೆಯವರೆಗೂ ಜಗ್ಗುವುದಿಲ್ಲ. ಒಂದರಲ್ಲೂ ತೂತು ಬೀಳಲಿಲ್ಲ. ದುಡ್ಡು ಕೈಗೆ ಬಂತು, ಬಾಡಿಗೆಗೆ ಹೋಯಿತು. ಧೂಳಕ್ಕ ಅಳಲಿಲ್ಲ. ಆದರೆ ಅವತ್ತಿನಿಂದ ಕೈ ಹದ್ದುಬಸ್ತಿನಲ್ಲಿಲ್ಲ. ಬಸ್ಸಿನ ಕಂಬಿ ಹಿಡಿದರೆ ಬೆರಳು ಅದನ್ನೇ ಮಣ್ಣಿನ ಹಾಗೆ ಒತ್ತುತ್ತದೆ. ಹಿಟ್ಟು ನಾದಲು ಕೂತರೆ ಮೂಗು ಮೂಡುತ್ತದೆ; ಅತ್ತೆ ಪಟ್ಟನೆ ಒಂದು ಏಟು ಹಾಕಿ ಅದನ್ನು ಚಪ್ಪಟೆ ಮಾಡಿ, ಹಸಿವಿಗೆ ಮೂಗು ಬೇಡ ಅನ್ನುತ್ತಾಳೆ.

ನಡುವೆ ನ್ಯಾಯ ಕೇಳುವ ಮಂದಿಯೂ ಬಂದರು. ಮೆರವಣಿಗೆಗೆ ಮಂತ್ರಿಯ ಪ್ರತಿಕೃತಿ ಸುಡಬೇಕು, ಒಂದು ತಲೆ ಮಾಡಿಕೊಡಿ ಅಂದರು. ಎಷ್ಟು ಕೊಡುತ್ತೀರಿ ಅಂತ ಕೇಳಿದಳು. ಕೂಲಿ ಹೆಚ್ಚಿಸಿ ಅಂತ ಗಂಟಲು ಹರಿದುಕೊಳ್ಳುವ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇದು ಹೋರಾಟಕ್ಕಲ್ವಾ ಅಕ್ಕಾ ಅಂದರು. ನನ್ನದೂ ಅದೇ ಅಂತ ಬಾಗಿಲು ಹಾಕಿಕೊಂಡಳು. ಸರಿಯಾಗಿ ಮಾಡಿದಳು.

ಈಗ ಯಜಮಾನನಿಗೆ ಮತ್ತೆ ಮುಖ ಬೇಕಾಗಿದೆ. ಬೋಳು ಮೊಟ್ಟೆಗಳ ಕಾಲ ಮುಗಿಯಿತಂತೆ. ಈ ಸಲ ನಗುವ ಮುಖ, ಯಾರ ಅತ್ತೆಯದೂ ಅಲ್ಲದ್ದು. ಮೊದಲು ಪಟ್ಟಿಯಲ್ಲಿ ಒಂದು ಸಾಲು ಬರೆಯಿರಿ, ಮುಖಕ್ಕೆ ಇಷ್ಟು ಅಂತ. ಆಮೇಲೆ ಮಣ್ಣು ಮುಟ್ಟುತ್ತೇನೆ ಅಂದಳು ಧೂಳಕ್ಕ. ಅವನು ಜಗಳಕ್ಕೆ ಬರಲಿಲ್ಲ. ಅವಳ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಸಿ, ಅದರ ಮೇಲೆ ತಲೆಗಾತ್ರದ ಮಣ್ಣಿನ ಉಂಡೆ ಇಡಿಸಿ, ಒದ್ದೆ ಬಟ್ಟೆ ಹೊದಿಸಿದ.

"ಬಲವಂತ ಏನಿಲ್ಲಮ್ಮಾ. ಬಿಡುವಾದಾಗ ಆಡ್ಕೋ."

ಮಣ್ಣು ಒಣಗದ ಹಾಗೆ ದಿನಾ ಬೆಳಿಗ್ಗೆ ತಾನೇ ಬಂದು ಬಟ್ಟೆಗೆ ನೀರು ಚಿಮುಕಿಸುತ್ತಾನೆ. ಬಲ್ಲವನು ಅವನು. ಅವಳಿಗೆ ಮಾಡದೆ ಇರಲು ಆಗುವುದಿಲ್ಲ ಅನ್ನುವುದರ ಮೇಲೆ ಕಾರ್ಖಾನೆಯನ್ನೇ ಪಣಕ್ಕಿಟ್ಟವನ ಹಾಗೆ ಕಾಯುತ್ತಿದ್ದಾನೆ. ಇವತ್ತಿಗೆ ಇಪ್ಪತ್ತಮೂರು ದಿನ. ಧೂಳಕ್ಕ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಬಲಗೈಯಲ್ಲಿ ಉಜ್ಜುತ್ತಾಳೆ. ಆಗಾಗ ಜಾಗ ಬದಲಿಸಿ ಕೂರುತ್ತಾಳೆ. ಸ್ಟೂಲೂ ಹಿಂದೆಯೇ ಬರುತ್ತದೆ. ನೆನ್ನೆ ಬಟ್ಟೆಯ ಮೇಲಿನಿಂದಲೇ ಒಮ್ಮೆ ಹೆಬ್ಬೆರಳು ಒತ್ತಿದಳು. ಒಂದು ಕಣ್ಣಿನ ಗುಳಿಯಾಯಿತು. ಹೋಗಿ ಕೈ ತೊಳೆದುಕೊಂಡು ಬಂದಳು. ಎಷ್ಟು ದಿನ ತಡೆಯುತ್ತಾಳೋ ಅವಳಿಗೇ ಗೊತ್ತಿಲ್ಲ.

ಅವಳ ವಿಷಯದಲ್ಲಿ ಅಯ್ಯೋ ಅನ್ನಬೇಡಿ. ನಿಮ್ಮ ವಿಷಯ ಹೇಳಿ. ನಿಮಗಾಗಿ ಯಾರೋ ಹಾಡು ಕಟ್ಟಿದ್ದಾರೆ, ಭಾಷಣ ಬರೆದುಕೊಟ್ಟಿದ್ದಾರೆ, ಗೋಡೆಗೆ ಚಿತ್ರ ಬರೆದಿದ್ದಾರೆ. ನೀವು ಬೆನ್ನು ತಟ್ಟಿ, ಒಂದು ಲೋಟ ಚಹಾ ಕುಡಿಸಿ, ದೇವರು ಕೊಟ್ಟ ಕಲೆ ಅಂತ ಹೊಗಳಿ ಕಳಿಸಿದ್ದೀರಿ. ಅವರ ಮನೆ ನಿಮಗೆ ಗೊತ್ತು. ಈ ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿ. ಎಷ್ಟಾಯಿತು ಅಂತ ಕೇಳಿ. ಇರಲಿ ಬಿಡಿ, ಖುಷಿಗೆ ಮಾಡಿದ್ದು ಅಂತ ಅವರೇ ಅನ್ನುತ್ತಾರೆ. ಬಿಡಬೇಡಿ. ಕೊಟ್ಟು ಬನ್ನಿ.