ಬಿಸಿಲು ಬರಲಿ, ಕಾಯಿ

ನಮ್ಮ ಬಚ್ಚಲಿನ ಬಿಸಿನೀರಿನ ನಲ್ಲಿಯ ಮೇಲೆ ಮೆಣಸಿನಕಾಳಿನಷ್ಟು ದೊಡ್ಡ ಕೆಂಪು ಚುಕ್ಕೆ ಇದೆ. ಅದರ ಒಂದು ಅಂಚಿನಲ್ಲಿ ಸೂಜಿಮೊನೆಯಷ್ಟು ಬಣ್ಣ ಎದ್ದುಹೋಗಿದೆ. ನನ್ನ ಹೆಬ್ಬೆರಳಿನ ಉಗುರು ತಾಗಿ ಎದ್ದದ್ದು.

ಆ ನಲ್ಲಿ ಬಂದು ವರ್ಷವಾಗುತ್ತಾ ಬಂತು. ಮನೆ ಇರುವುದು ಕೊಪ್ಪದಲ್ಲಿ, ಪೇಟೆಯಿಂದ ಸ್ವಲ್ಪ ಏರಿನಲ್ಲಿ. ಅಮ್ಮ, ನಾನು ಇಬ್ಬರೇ. ನಾನು ಇಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ತಾರಸಿಗೆ ಸೋಲಾರ್ ಪ್ಯಾನೆಲ್ ಹಾಕಿಸಿ ದೀಪ, ಫ್ಯಾನು, ಫ್ರಿಜ್ಜು ಎಲ್ಲವನ್ನೂ ಅದಕ್ಕೆ ಸೇರಿಸಿದ್ದಾಗಿತ್ತು. ನೀರು ಕಾಯಿಸುವುದು ಮಾತ್ರ ಗ್ಯಾಸಿನ ಮೇಲೆಯೇ ಉಳಿದಿತ್ತು. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಅಡುಗೆಮನೆಯಿಂದ ಬಚ್ಚಲಿಗೆ ಒಯ್ಯುತ್ತಿದ್ದೆವು. ಅತ್ತೆ ನಮ್ಮಲ್ಲಿಗೆ ಬಂದು ಇರುತ್ತಾರೆ ಎಂದು ತಿಳಿದ ಮೇಲೆ ನಾನು ಬೇರೆ ದಾರಿ ಹುಡುಕತೊಡಗಿದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಶೃಂಗೇರಿಯಲ್ಲಿ ಅವರ ಮನೆ. ಅಪ್ಪ ಬಸರೀಕಟ್ಟೆಯ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಕಾಲದಲ್ಲಿ ನನ್ನನ್ನು ಹೈಸ್ಕೂಲಿಗೆಂದು ಆ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿನ ಬಚ್ಚಲಲ್ಲಿ ಒಲೆಯ ಮೇಲೆ ಹೂಳಿದ್ದ ದೊಡ್ಡ ತಾಮ್ರದ ಹಂಡೆಯಿತ್ತು. ಬೆಳಗಿನ ಜಾವಕ್ಕೇ ಅದರ ಕೆಳಗೆ ಬೆಂಕಿ. ತಿಂಗಳಿಗೆ ಮೂರು ದಿನ ಹೊರಗೆ ಕೂತವರು ಆ ಹಂಡೆಯನ್ನು ಮುಟ್ಟುವಂತಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಕೊಟ್ಟಿಗೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನಲ್ಲಿಯಲ್ಲಿ ಮಿಂದು ಒಳಗೆ ಬರಬೇಕು.

ಅದು ಆ ಮನೆಯ ಪದ್ಧತಿ ಎಂದು ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಅತ್ತೆಯ ಮಗಳು ಹೊರಗಾದಾಗಲೆಲ್ಲ ಅತ್ತೆ ಹಂಡೆಯಿಂದ ಕೊಡದಲ್ಲಿ ಬಿಸಿನೀರು ತುಂಬಿ, ಕಲ್ಲಿನವರೆಗೆ ಹೊತ್ತು ತಂದು, ಬಕೆಟ್ಟಿಗೆ ದೂರದಿಂದಲೇ ಎತ್ತಿ ಸುರಿಯುತ್ತಿದ್ದರು. ಮಡಿ ಕೆಡುತ್ತಿರಲಿಲ್ಲ. ನೀರಿನಿಂದ ಹಬೆ ಏಳುತ್ತಿತ್ತು. ನಾನು ಕಿಟಕಿಯಿಂದ ನೋಡಿದ್ದೇನೆ.

ನಾನು ಬಿಸಿನೀರು ಕೇಳಿದ್ದು ಒಂದೇ ಸಲ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿತ್ತು. ನನಗದು ನಾಲ್ಕನೆಯ ಬೆಳಿಗ್ಗೆ. ಹಿಂದಿನ ದಿನದಿಂದ ಜ್ವರ. ತುಂಗೆಯ ಕಡೆಯಿಂದ ಎದ್ದ ಮಂಜು ಕೊಟ್ಟಿಗೆಯ ಮಾಡಿನವರೆಗೂ ಇಳಿದಿತ್ತು. ಮೀಯದೆ ಒಳಗೆ ಕಾಲಿಡುವ ಹಾಗಿಲ್ಲ, ಪುಸ್ತಕಗಳೆಲ್ಲ ಒಳಗೇ ಇದ್ದವು. ಬಚ್ಚಲ ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು, ಒಂದು ಕೊಡ ಬಿಸಿನೀರು ಸುರಿಯುತ್ತೀರಾ ಎಂದು ಕೇಳಿದೆ.

"ನಿಂಗೆಂತಕ್ಕೆ ಬಿಸಿನೀರು? ಬಾಣಂತಿಯೇನೆ ನೀನು?" ಎಂದರು ಅತ್ತೆ. ಅವರ ಮಗಳು ಒಳಗಿನಿಂದ ಕಿಸಕ್ಕೆಂದಳು. ಅತ್ತೆಯೇ ಮುಂದುವರಿಸಿದರು: "ಅಷ್ಟು ಬಿಸಿ ಬೇಕಂದ್ರೆ ಬಿಸಿಲು ಬರ್ಲಿ, ಕಾಯಿ."

ನಾನು ಕಾಯಲಿಲ್ಲ. ತಣ್ಣೀರು ಹೊಯ್ದುಕೊಂಡು ಪರೀಕ್ಷೆಗೆ ಹೋದೆ. ನಡುಗುವ ಕೈಯಲ್ಲಿ ಬರೆದ ಆ ಉತ್ತರಪತ್ರಿಕೆಯ ಅಕ್ಷರ ಯಾರದ್ದೋ ಅಕ್ಷರದ ಹಾಗಿತ್ತು. ಕಾಯಲು ಶುರು ಮಾಡಿದ್ದು ಆಮೇಲೆ.

ಹೋದ ವರ್ಷ ಅತ್ತೆಯ ಮಗ ಆ ಮನೆಯ ಹಿಂಭಾಗವನ್ನು ಕೆಡವಿ ಯಾತ್ರಿಕರಿಗೆ ಲಾಡ್ಜ್ ಕಟ್ಟಲು ಹೊರಟ. ಕೆಲಸ ಮುಗಿಯುವವರೆಗೆ ತಾಯಿ ನಮ್ಮಲ್ಲಿರಲಿ ಎಂದ. ಅಮ್ಮ ಒಪ್ಪಿದಳು. ಫೋನಿನಲ್ಲಿ ಅತ್ತೆ ಮೊದಲು ಕೇಳಿದ್ದೇ ನೀರಿನ ವಿಷಯ.

"ಬೆಳಿಗ್ಗೆ ಮಂಡಿಗೆ ಬಿಸಿನೀರು ಬೀಳ್ದಿದ್ರೆ ನಂಗೆ ಎದ್ದು ನಿಲ್ಲಕ್ಕೇ ಆಗಲ್ಲ ಕೂಸೇ. ಹಿಂದುಗಡೆ ಒಂದು ಒಲೆ ಹೂಡ್ಸು, ಸಣ್ಣ ಹಂಡೆ ಆದ್ರೂ ಸಾಕು. ನನ್ನ ಮಡಿ ನೀರು ಬೇರೆ ಇರ್ತದೆ."

"ನಿಮ್ಮನೆ ಹಂಡೆ ಏನಾಯ್ತು ಅತ್ತೆ?"

"ಅದನ್ನ ತಿಕ್ಸಿ ಲಾಡ್ಜಿನ ರಿಸೆಪ್ಷನ್ನಲ್ಲಿ ಇಡ್ತಾನಂತೆ. ಗಿಡ ನೆಟ್ಟು!"

ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಹಂಡೆಯ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ಮಾಮೂಲಿ ಗೀಸರ್ ಹಾಕಿದರೆ ಅದು ಎಳೆಯುವ ಕರೆಂಟಿಗೆ ನಮ್ಮ ಇನ್ವರ್ಟರ್ ತಡೆಯುವುದಿಲ್ಲ. ಗಾಜಿನ ಕೊಳವೆಗಳ ಸೋಲಾರ್ ಹೀಟರ್ ಬೇಸಿಗೆಯಲ್ಲಿ ಚೆನ್ನ. ಜೂನ್ ಬಂದ ಮೇಲೆ ಇಲ್ಲಿ ಸೂರ್ಯನನ್ನು ನಂಬಿ ಮೀಯುವುದಕ್ಕಾಗುವುದಿಲ್ಲ, ಪ್ಯಾನೆಲ್ ಹಾಕಿದ ಮೇಲೆ ತಾರಸಿಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಉಳಿದದ್ದು ಹೀಟ್ ಪಂಪ್. ಅದು ಫ್ರಿಜ್ಜನ್ನು ತಿರುಗಿಸಿ ಇಟ್ಟ ಹಾಗೆ: ಹೊರಗಿನ ಗಾಳಿಯ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ. ಅಷ್ಟೇ ನೀರಿಗೆ ಗೀಸರ್ ಎಳೆಯುವ ಕರೆಂಟಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಸಾಕು. ನಮ್ಮ ಕಡೆಯ ತೇವದ ಗಾಳಿ ಅದಕ್ಕೆ ಅನುಕೂಲವೇ.

ಕೊಳ್ಳುವ ಮೊದಲು ಕಣ್ಣಾರೆ ನೋಡಬೇಕೆನಿಸಿ ಒಂದು ಭಾನುವಾರ ಬಸ್ಸು ಹತ್ತಿ ನರಸಿಂಹರಾಜಪುರಕ್ಕೆ ಹೋದೆ. ಅಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅಂಥದ್ದು ಹಾಕಿದ್ದರು. ಯಂತ್ರದ ಮುಂದೆ ಕೈಯೊಡ್ಡಿದೆ. ಬಿಸಿ ಕಳೆದುಕೊಂಡ ಗಾಳಿ ತಣ್ಣಗೆ ತಾಗಿತು.

"ನಮ್ಮನೆಯವ್ರು ಇದ್ರ ಮುಂದೆ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಾರೆ ಮಾರಾಯ್ತಿ, ಎ.ಸಿ. ಅಂತ. ಬಿಲ್ಲು ಬರ್ದಿರೋ ಎ.ಸಿ.!" ಎಂದು ಅವರು ನಕ್ಕರು. "ಆದ್ರೆ ಒಂದು. ಮಧ್ಯಾಹ್ನ ಬಿಸಿಲಿರೋವಾಗ ಓಡ್ಸಿಬಿಡು. ಟ್ಯಾಂಕಲ್ಲಿ ಮಾರನೇ ದಿನ ಬೆಳಿಗ್ಗೆವರೆಗೂ ಬಿಸಿ ಹಾಗೇ ಇರ್ತದೆ."

ಮಧ್ಯಾಹ್ನ ಬಿಸಿಲಿರುವಾಗ. ವಾಪಸು ಬರುವ ಬಸ್ಸಿನಲ್ಲಿ ಆ ಮಾತನ್ನೇ ತಿರುವಿ ಹಾಕುತ್ತಿದ್ದೆ. ನೀರು ಬಿಸಿಲಿಗೆ ಕಾಯುತ್ತದೆ. ಎರಡು ಅರ್ಥಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ.

ಕೊಪ್ಪದ ಅಂಗಡಿಯವರು ಮನೆಗೆ ಬಂದು ಅಳತೆ ತೆಗೆದುಕೊಂಡರು. ಅಮ್ಮ ಅತ್ತೆಯ ಮಡಿಯ ಸಂಗತಿಯನ್ನು ಅವರಿಗೂ ಹೇಳಿದಳು.

"ಹಾಗಾರೆ ದೊಡ್ಡಮ್ಮಂಗೆ ಅಂತ ಬೇರೆ ಒಂದು ಪುಟ್ಟ ಟ್ಯಾಂಕು, ಬೇರೆ ಲೈನು ಕೊಟ್ಬಿಡಣ ಮೇಡಂ. ಯಾರ ತಂಟೆನೂ ಇಲ್ಲ."

"ಬೇಡ," ಎಂದೆ. "ಒಂದೇ ಟ್ಯಾಂಕು. ಒಂದೇ ಪೈಪು."

ಅಮ್ಮ ನನ್ನ ಮುಖ ನೋಡಿದಳು. ಎರಡು ಟ್ಯಾಂಕೆಂದರೆ ಎರಡು ಕಡೆ ಬಿಸಿ ಸೋರುತ್ತದೆ ಎಂದು ವಿವರಿಸಿದೆ. ನಿಜವೇ. ಆ ಉತ್ತರದಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಟ್ಯಾಂಕು ತಾರಸಿಯ ಮೂಲೆಯಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಕೂತಿತು. ಅಲ್ಲಿಂದ ಬಚ್ಚಲಿಗೆ ಇಳಿಯುವ ಪೈಪಿಗೆ ಕಪ್ಪು ಸ್ಪಂಜಿನ ಹೊದಿಕೆ ಸುತ್ತಿದರು. ಟ್ಯಾಂಕಿನ ಬುಡದಲ್ಲಿ ಅದು ಒಂದು ಗೇಣು ಕಡಿಮೆ ಬಿತ್ತು, ಅಷ್ಟು ಪೈಪು ಬರಿದಾಗಿಯೇ ಉಳಿಯಿತು. ಆಮೇಲೆ ನಾನೇ ಸುತ್ತುತ್ತೇನೆಂದು ಅವರನ್ನು ಕಳಿಸಿದೆ.

ನವರಾತ್ರಿ ಕಳೆದು ಅತ್ತೆ ಬಂದರು. ಒಲೆಯಿಲ್ಲದ್ದು ನೋಡಿ ಮೊದಲು ಮುಖ ಗಂಟಿಕ್ಕಿದರು. ಎರಡು ದಿನ ಮಿಂದ ಮೇಲೆ ಮಗಳಿಗೆ ಫೋನು ಮಾಡಿ, "ಹೊಗೆ ಇಲ್ಲ, ಬೂದಿ ಇಲ್ಲ ಮಾರಾಯ್ತಿ. ನಲ್ಲಿ ತಿರುಗ್ಸಿದ್ರೆ ಗಂಗೆ ಬಂದ ಹಂಗೆ ಬರ್ತದೆ. ನನ್ನ ಮಂಡಿ ಅರ್ಧ ವಾಸಿ ಆಯ್ತು," ಎಂದರು. ನಾನು ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ತಿಂಗಳು ಬಂತು, ಹೋಯಿತು. ಮತ್ತೊಂದು ಬಂತು. ನನ್ನ ಮೈಯ ವಿಷಯವನ್ನು ನಾನು ಯಾರೊಂದಿಗೂ ಮಾತಾಡುವವಳಲ್ಲ. ಅತ್ತೆಯೂ ಕೇಳಲಿಲ್ಲ. ಕೆಲಸಕ್ಕೆ ಹೋಗುವ ಹುಡುಗಿ, ತಾನೇ ತಿಳಿದುಕೊಂಡು ಎಲ್ಲೋ ಬೇರೆ ನೀರು ಬಳಸುತ್ತಾಳೆ ಎಂದುಕೊಂಡಿದ್ದರೇನೋ. ನಾನು ಧನುರ್ಮಾಸ ಬರಲೆಂದು ಸುಮ್ಮನಿದ್ದೆ. ಆ ತಿಂಗಳು ಅತ್ತೆ ಸೂರ್ಯ ಹುಟ್ಟುವ ಮೊದಲೇ ಮಿಂದು ಪೂಜೆ ಮುಗಿಸಿ ಹುಗ್ಗಿ ನೈವೇದ್ಯ ಮಾಡಬೇಕು. ಅವರು ಹೊರಗಾಗುವುದು ನಿಂತ ಮೇಲೆ ಅದು ಒಂದು ದಿನವೂ ತಪ್ಪಿದ್ದಿಲ್ಲ.

ಧನುರ್ಮಾಸದಲ್ಲಿ ಅಮ್ಮ ತಿಥಿಯೊಂದಕ್ಕೆ ಹರಿಹರಪುರಕ್ಕೆ ಹೋಗಿ ಅಲ್ಲೇ ಉಳಿದ ದಿನ ನಾನು ಹೊರಗಾದೆ. ಅದನ್ನು ಮಾತ್ರ ನಾನು ಹೂಡಿದ್ದಲ್ಲ. ಸಂಜೆ ಕಾಲೇಜಿನಿಂದ ಬಂದು, ಕಾಲು ತೊಳೆದು, ಜಗುಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಯ ಎದುರು ನಿಂತೆ.

"ಅತ್ತೆ, ನಾನು ಹೊರಗೆ ಕೂತಿದ್ದೇನೆ. ಬಚ್ಚಲಿನ ಎರಡೂ ನಲ್ಲಿ ಮುಟ್ಟಿದ್ದೇನೆ."

ಅವರ ಬೆರಳು ನಿಂತವು. "ಹಾಗಾರೆ ನನ್ನ ಬೆಳಗಿನ ನೀರು?"

"ಟ್ಯಾಂಕು ಒಂದೇ. ಹೋದ ತಿಂಗಳೂ ನೀವು ಮಿಂದದ್ದು ಇದೇ ನೀರಲ್ಲಿ. ಅದರ ಹಿಂದಿನ ತಿಂಗಳೂ."

"ರಾಮ ರಾಮ! ಗೊತ್ತಿದ್ದೂ ಹೇಳ್ಲಿಲ್ವೇನೆ?"

"ನೀವು ಕೇಳಲಿಲ್ಲ."

ಗ್ಯಾಸಿನ ಮೇಲೆ ನೀರಿಟ್ಟರೂ ಪಾತ್ರೆ ಎತ್ತಿ ಬಚ್ಚಲಿಗೆ ಒಯ್ಯುವ ಶಕ್ತಿ ಅವರ ಕೈಯಲ್ಲಿರಲಿಲ್ಲ. ನಾನು ಎತ್ತಿದರೆ ಅದೂ ಮುಟ್ಟಿದ್ದೇ. ಅವರು ಅದನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದದ್ದು ಮುಖದಲ್ಲಿ ಕಾಣಿಸಿತು.

"ಹಿಂದುಗಡೆ ಬಟ್ಟೆ ಕಲ್ಲಿನ ಹತ್ತಿರ ನಲ್ಲಿ ಇದೆ," ಎಂದೆ. "ಅದನ್ನು ನಾನು ಮುಟ್ಟಿಲ್ಲ."

"ಈ ಚಳಿಗೆ ತಣ್ಣೀರೇನೆ? ನನ್ನ ಮಂಡಿ..." ಅತ್ತೆ ಮಾತು ನುಂಗಿಕೊಂಡು ಬೇರೆ ದಾರಿ ಹಿಡಿದರು. "ಆ ಟ್ಯಾಂಕಲ್ಲಿ ಹೊಸ ನೀರು ಯಾವಾಗ ಕಾಯ್ತದೆ?"

ಇಷ್ಟು ವರ್ಷ ಬೇರೆ ಬೇರೆ ದನಿಯಲ್ಲಿ ಅಭ್ಯಾಸ ಮಾಡಿಕೊಂಡಿದ್ದ ಮಾತನ್ನು ಕೊನೆಗೆ ಮೆಲ್ಲಗೆ, ಪಾಠದಲ್ಲಿ ಸೂತ್ರ ಹೇಳುವ ಹಾಗೆ ಹೇಳಿದೆ.

"ಬಿಸಿಲು ಬರ್ಲಿ ಅತ್ತೆ, ಕಾಯ್ರಿ."

ಮರೆತಿದ್ದಾರೆ ಎಂದುಕೊಂಡಿದ್ದೆ. ಮರೆತಿರಲಿಲ್ಲ. ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಸಂತೆಯಲ್ಲಿ ಪಾತ್ರೆ ನೋಡುವ ಹಾಗೆ.

"ಅಬ್ಬಾ, ಕೂಸೇ. ಅವತ್ತಿಂದ ಇದಕ್ಕೇ ಕಾಯ್ಕಂಡಿದ್ಯಾ?"

"ಹೌದು. ಕಾದಿದ್ದೆ."

"ಒಲೆಗಿಂತ ನೀನೇ ವಾಸಿ, ಇಷ್ಟು ವರ್ಷ ಕೆಂಡ ಆರ್ದಂಗೆ ಇಟ್ಕಂಡಿದ್ಯಲ್ಲ," ಎಂದು ಹೇಳಿ ಅವರು ಬತ್ತಿ ಹೊಸೆಯುವುದನ್ನು ಮುಂದುವರಿಸಿದರು. ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಊಟಕ್ಕೆ ಬಡಿಸಿಕೊಳ್ಳುವಾಗ ಹಸಿವು ಚೆನ್ನಾಗಿಯೇ ಇತ್ತು.

ಮಾರನೆಯ ಬೆಳಿಗ್ಗೆ ಅತ್ತೆಗಿಂತ ಮೊದಲು ಎದ್ದೆ. ಕೆಂಪು ಚುಕ್ಕೆಯ ನಲ್ಲಿ ತಿರುಗಿಸಿ ಬೇಕಾದಷ್ಟು ಹೊತ್ತು ಮಿಂದೆ. ಅತ್ತೆ ಕೂತು ಮೀಯುವ ಮಣೆಯನ್ನು ನಲ್ಲಿಯ ಪಕ್ಕಕ್ಕೆ ಸರಿಸಿ, ನಲ್ಲಿಯ ಕೆಳಗೆ ಖಾಲಿ ಬಕೆಟ್ಟು ಇಟ್ಟು, ಪ್ಯಾನೆಲ್‌ಗಳ ಮೇಲಿನ ಇಬ್ಬನಿ ಒರೆಸುವ ಬಟ್ಟೆ ಹಿಡಿದು ತಾರಸಿಗೆ ಹೋದೆ. ಇನ್ನೂ ಕತ್ತಲಿತ್ತು. ಹಿಂದಿನ ಬಾಗಿಲು ತೆರೆದು ಒಳಗಿನ ದೀಪದ ಬೆಳಕು ಕಲ್ಲಿನವರೆಗೆ ಬಿತ್ತು. ಅತ್ತೆ ಗೋಡೆ ಹಿಡಿದುಕೊಂಡು ಕಲ್ಲಿನವರೆಗೆ ಬಂದು, ಅಲ್ಲಿನ ನಲ್ಲಿಯನ್ನು ಸ್ವಲ್ಪ ತಿರುಗಿಸಿ ಪಾದ ಒಡ್ಡಿದರು. ಥಟ್ಟನೆ ಎಳೆದುಕೊಂಡರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ನಲ್ಲಿ ಕಟ್ಟಿ, ಬಂದ ದಾರಿಯಲ್ಲೇ ಒಳಗೆ ಹೋದರು. ಬಚ್ಚಲಿನ ಚಿಲಕದ ಸದ್ದಾಯಿತು.

ನಾನು ಬಟ್ಟೆಯನ್ನು ಕೆಳಗಿಟ್ಟು, ಟ್ಯಾಂಕಿನ ಬುಡದಲ್ಲಿ ಇನ್ನೂ ಹೊದಿಕೆ ಸುತ್ತದೆ ಬಿಟ್ಟಿದ್ದ ಆ ಒಂದು ಗೇಣು ಪೈಪಿನ ಮೇಲೆ ಅಂಗೈ ಇಟ್ಟೆ. ನಾನು ಮಿಂದಾಗಿನ ಬಿಸಿ ಆರಿ ಮೊದಲು ತಣ್ಣಗಿತ್ತು. ಆಮೇಲೆ ಬೆಚ್ಚಗಾಯಿತು, ಬಿಸಿಯಾಯಿತು. ಕೆಳಗೆ ಅತ್ತೆ ಮಂತ್ರ ಹೇಳಿಕೊಂಡು ತಂಬಿಗೆ ತಂಬಿಗೆ ಹೊಯ್ದುಕೊಳ್ಳುವುದು ಕೇಳುತ್ತಿತ್ತು. ಅವರ ಸ್ನಾನ ಮುಗಿದು ನಲ್ಲಿ ನಿಲ್ಲುವವರೆಗೂ ಅದನ್ನು ಮುಟ್ಟಿಕೊಂಡೇ ನಿಂತಿದ್ದೆ.