ಗಾಜಿನ ಕೊಳವೆಯಲ್ಲಿ ನಿಲ್ಲದ ನೀರು

ಸಾರಕ್ಕಿಯ ಒಳರಸ್ತೆಯೊಂದರಲ್ಲಿ ನನ್ನ ಲಾಂಡ್ರಿ ಇದೆ. ಲಾಡ್ಜುಗಳಿಂದ, ನರ್ಸಿಂಗ್ ಹೋಮುಗಳಿಂದ ಬೆಡ್‌ಶೀಟುಗಳು ಬರುತ್ತವೆ. ಒಗೆದು, ಹಬೆಯ ಇಸ್ತ್ರಿ ಹಾಕಿ ಕಳಿಸುತ್ತೇವೆ. ಹಬೆ ಬರುವುದು ಹಿಂದಿನ ಶೆಡ್ಡಿನ ಪುಟ್ಟ ಡೀಸೆಲ್ ಬಾಯ್ಲರಿನಿಂದ. ಅದನ್ನು ನೋಡಿಕೊಳ್ಳುವವರು ಈ ಊರಿನವರೇ. ಅವರ ತಂದೆ ಕೆರೆಯ ಪಕ್ಕ ಸೊಪ್ಪು ಬೆಳೆಯುತ್ತಿದ್ದರಂತೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ.

ಆ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರು ಹಾಕಿಸತೊಡಗಿದೆವು. ಗಡಸು ನೀರಾದರೆ ಬಾಯ್ಲರಿನ ಒಳಗೆ ಸುಣ್ಣ ಕಟ್ಟುತ್ತದೆಂದು ಕೇಳಿದ್ದೆ. ಹಾಗೆ ಕಟ್ಟದಿರಲೆಂದು ನೀರಿಗೆ ಬೆರೆಸುವ ಕೆಮಿಕಲ್ಲೊಂದಿದೆ. ದಿನಾ ಅಣ್ಣ ಅದನ್ನು ಅಳೆದು ಹಾಕುತ್ತಿದ್ದರು. ಬೆಳಿಗ್ಗೆ ಬಾಗಿಲು ತೆಗೆಯುವವಳು ನಾನು. ಟ್ಯಾಂಕರ್ ನೀರಿಗೆ ಅಷ್ಟು ಸಾಲದೆಂದು ಹೆದರಿ, ಅವರು ಬರುವ ಮುಂಚೆಯೇ ಬಾಯ್ಲರಿಗೆ ನೀರು ಹೋಗುವ ಟ್ಯಾಂಕಿಗೆ ಇನ್ನೊಂದು ಅಳತೆ ಸುರಿಯತೊಡಗಿದೆ. ಮುಚ್ಚಿಡುವ ಉದ್ದೇಶವಿರಲಿಲ್ಲ. ಹೇಳಬೇಕು ಅಂತಲೂ ಅನ್ನಿಸಲಿಲ್ಲ, ಅಷ್ಟೆ.

ವಾರ ಕಳೆಯುವಷ್ಟರಲ್ಲಿ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಕುಣಿಯತೊಡಗಿತು. ಅರ್ಧಕ್ಕಿದ್ದದ್ದು ಮೇಲಕ್ಕೆ ನುಗ್ಗುತ್ತಿತ್ತು, ಮರುಕ್ಷಣ ಕಾಣದಂತೆ ಇಳಿಯುತ್ತಿತ್ತು. ಅಲಾರಂ ಹೊಡೆದು ಬರ್ನರ್ ತಾನೇ ಆರಿಹೋಗುತ್ತಿತ್ತು. ಇಸ್ತ್ರಿಯಿಂದ ಹಬೆಯ ಜೊತೆ ನೀರೂ ಚಿಮ್ಮಿ, ಬಿಳಿ ಶೀಟುಗಳ ಮೇಲೆ ಕಂದು ಕಲೆ ಬೀಳುತ್ತಿತ್ತು.

ಅಣ್ಣ ಗಾಜಿನ ಕೊಳವೆಯ ನಲ್ಲಿಗಳನ್ನು ತೆರೆದು ಕಸ ಕಟ್ಟಿದೆಯಾ ನೋಡಿದರು. ಪಂಪಿನ ಜಾಲರಿ ಬಿಚ್ಚಿ ತೊಳೆದರು. ಏನೂ ಸಿಗಲಿಲ್ಲ. ಮೂರನೆಯ ದಿನ ನರ್ಸಿಂಗ್ ಹೋಮೊಂದು ಕಲೆಯಾದ ಗಂಟನ್ನು ವಾಪಸ್ ಕಳಿಸಿದಾಗ ನನ್ನ ತಾಳ್ಮೆ ಕೆಟ್ಟಿತು. ಇಸ್ತ್ರಿ ಮಾಡುವ ಇಬ್ಬರು ಹೆಂಗಸರ ಎದುರಿಗೇ ಹೇಳಿಬಿಟ್ಟೆ: "ನೀವು ಮೊಬೈಲ್ ನೋಡ್ಕೊಂಡ್ ಕೂತ್ರೆ ನೀರು ಹೆಂಗೆ ನಿಲ್ಲುತ್ತೆ ಅಣ್ಣ?"

ಅವರು ಕುರ್ಚಿ ಎಳೆದುಕೊಂಡು ಕೊಳವೆಯ ಮುಂದೆ ಕೂತರು. ಊಟಕ್ಕೂ ಏಳಲಿಲ್ಲ.

ಮಧ್ಯಾಹ್ನ ಬಂದು ಕರೆದರು. "ಇಸ್ತ್ರಿ ಎಲ್ಲಾ ನಿಲ್ಲಿಸಿದ್ರೆ ನೀರು ಅಲುಗಾಡದೆ ನಿಲ್ಲುತ್ತೆ ಅಕ್ಕ. ಹಬೆ ಬಿಟ್ಟ ತಕ್ಷಣ ಹಾಲು ಉಕ್ಕಿದ ಹಾಗೆ ಉಕ್ಕುತ್ತೆ. ಪಂಪ್‌ದೇನೂ ತಪ್ಪಿಲ್ಲ. ನೀರಲ್ಲೇ ಏನೋ ಇದೆ."

ಬಾಯ್ಲರಿನಿಂದ ತೆಗೆದು ಆರಿಸಿಟ್ಟ ನೀರು ಒಂದು ಬಾಟಲಿಯಲ್ಲಿತ್ತು. ಇನ್ನೊಂದರಲ್ಲಿ ಬರೀ ಟ್ಯಾಂಕರ್ ನೀರು. ಎರಡನ್ನೂ ಕುಲುಕಿ ಕಟ್ಟೆಯ ಮೇಲಿಟ್ಟರು. ಟ್ಯಾಂಕರ್ ನೀರಿನ ನೊರೆ ಕೂಡಲೇ ಒಡೆಯಿತು. ಬಾಯ್ಲರಿನದು ಬಾಟಲಿಯ ಕತ್ತಿನವರೆಗೆ ಹಾಗೇ ನಿಂತಿತು.

"ಟ್ಯಾಂಕಿಗೆ ಯಾರಾದ್ರೂ ಏನಾದ್ರೂ ಹಾಕಿದಾರಾ?" ಅಂದರು.

ನನಗೆ ತಕ್ಷಣ ತಿಳಿಯಿತು, ಕೆಮಿಕಲ್ ಎರಡರಷ್ಟಾಗಿ ನೀರು ನೊರೆಗಟ್ಟುತ್ತಿತ್ತು. ಆದರೂ "ನೋಡೋಣ ಇರಿ" ಎಂದು ಮುಂಭಾಗದ ನಮ್ಮ ಅಂಗಡಿಗೆ ಬಂದು ಕೂತೆ. ಒಂದರ್ಧ ಗಂಟೆ ಬಿಲ್ ಪುಸ್ತಕ ತಿರುವುತ್ತಿದ್ದೆ, ಒಂದಕ್ಷರವೂ ಕಾಣಲಿಲ್ಲ. ಆ ಅರ್ಧ ಗಂಟೆ ಈಗಲೂ ನನಗೆ ನಾಚಿಕೆ ತರುತ್ತದೆ. ತಪ್ಪು ಮಾಡಿದ್ದಕ್ಕಿಂತ, ಗೊತ್ತಾದ ಮೇಲೂ ಅವರನ್ನು ಅಲ್ಲಿ ಹುಡುಕಲು ಬಿಟ್ಟು ಬಂದೆನಲ್ಲ.

ಆಮೇಲೆ ಎದ್ದು ಹೋಗಿ, ಆ ಹೆಂಗಸರಿಬ್ಬರೂ ಕೇಳುವಂತೆಯೇ ಹೇಳಿದೆ: "ಅಣ್ಣ, ಕೆಮಿಕಲ್ ನಾನೂ ಹಾಕ್ತಿದ್ದೆ. ದಿನಾ. ನಿಮ್ಮನ್ನ ಸುಮ್ಸುಮ್ನೆ ಬೈದೆ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ನನ್ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು" ಎಂದರು. ಬಾಟಲಿಗಳ ನೀರು ಚೆಲ್ಲಿ, "ಇವತ್ತು ಬಾಯ್ಲರ್ ಆರಿಸಿ ಬಿಡೋಣ. ನಾಳೆ ಖಾಲಿ ಮಾಡಿ ತುಂಬ್ತೀನಿ" ಎಂದರು.

ಮರುದಿನ ತಣ್ಣಗಾದ ಬಾಯ್ಲರಿನ ನೀರನ್ನೆಲ್ಲ ಹೊರಬಿಟ್ಟು, ತೊಳೆದು, ಹೊಸ ನೀರು ತುಂಬಿಸಿ, ಕೆಮಿಕಲ್ಲನ್ನು ಒಂದೇ ಅಳತೆ ಹಾಕಿದರು. ಟ್ಯಾಂಕರ್ ನೀರಿನ ಗಡಸುತನ ಎಷ್ಟೆಂದು ಪರೀಕ್ಷೆಗೂ ಕೊಟ್ಟರು. ನಾನು ಹೆದರಿದಷ್ಟೇನೂ ಇರಲಿಲ್ಲ. ಇಸ್ತ್ರಿಗಳಿಗೆಲ್ಲ ಹಬೆ ಬಿಟ್ಟಾಗ ನಾನೂ ಕೊಳವೆಯ ಮುಂದೆ ನಿಂತಿದ್ದೆ. ನೀರು ಒಂದು ಬೆರಳಿನಷ್ಟು ಅಲುಗಿ, ಅರ್ಧಕ್ಕೆ ನಿಂತಿತು.

ಅಣ್ಣ ಮೊದಲಿನಂತೆಯೇ ಮಾತಾಡಿಸುತ್ತಾರೆ. ಆದರೆ ಮೊಬೈಲನ್ನು ಅವತ್ತಿನಿಂದ ಊಟದ ಡಬ್ಬಿಯ ಜೊತೆ ಅಂಗಡಿಯ ಕಪಾಟಿನಲ್ಲೇ ಇಟ್ಟು ಶೆಡ್ಡಿಗೆ ಹೋಗುತ್ತಾರೆ. ಬೇಡ ಅಣ್ಣ, ಜೊತೆಗೇ ಇಟ್ಟುಕೊಳ್ಳಿ ಎಂದು ಎರಡು ಸಲ ಹೇಳಿದ್ದೇನೆ. "ಇರ್ಲಿ ಬಿಡಿ ಅಕ್ಕ" ಎನ್ನುತ್ತಾರೆ.